ದಾರಿಯ ಹಕ್ಕು, ತಕ್ಕಡಿಯ ಹಕ್ಕು

ಕಡೂರು ತಾಲ್ಲೂಕಿನ ಸಿಂಗಟಗೆರೆ ಒಂದು ಹೋಬಳಿ ಕೇಂದ್ರ. ಇಲ್ಲಿರುವುದು ಗ್ರಾಮ ಪಂಚಾಯಿತಿ, ಪುರಸಭೆಯಲ್ಲ. ಇಂಥ ಊರಿನಲ್ಲಿ ನಿಂತು ಫುಟ್‌ಪಾತಿನ ಕಾನೂನಿನ ಮಾತೆತ್ತಿದರೆ ಜನ ನಕ್ಕಾರು. 'ಫುಟ್‌ಪಾತ್ ಎಲ್ಲಿದೆ ಸ್ವಾಮಿ, ಮೊದಲು ಅದನ್ನು ತೋರಿಸಿ' ಎಂದು ಕೇಳಿದರೂ ಕೇಳಿಯಾರು. ಮಾತು ಸುಳ್ಳಲ್ಲ. ನಮ್ಮ ಬಯಲುಸೀಮೆಯ ಹೋಬಳಿ ಊರುಗಳಲ್ಲಿ ಕಾಲುದಾರಿ ಎಂದು ಪ್ರತ್ಯೇಕವಾಗಿ ಕಟ್ಟಿದ್ದು ಅಪರೂಪ. ರಸ್ತೆ, ರಸ್ತೆಯ ಅಂಚಿಗೆ ಚರಂಡಿ, ಚರಂಡಿಯ ಮೇಲೆ ಕಲ್ಲುಚಪ್ಪಡಿ. ಆ ಚಪ್ಪಡಿಯೇ ನಡೆಯುವವರ ದಾರಿ.

ದಾರಿ ಹೇಗೆ ಕಳೆದುಹೋಗುತ್ತದೆ ಎಂಬುದನ್ನು ನೋಡಬೇಕಾದರೆ ಈ ಚಪ್ಪಡಿಯನ್ನೇ ನೋಡಬೇಕು. ಗಿರಾಕಿ ಚರಂಡಿ ದಾಟಿ ಒಳಗೆ ಬರಲೆಂದು ಅಂಗಡಿಯವರು ಎರಡು ಚಪ್ಪಡಿ ಹಾಕಿಸುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಮರುವರ್ಷ ಚಪ್ಪಡಿಯ ಮೇಲೆ ಒಂದು ಬೆಂಚು ಬರುತ್ತದೆ. ಬೆಂಚಿಗೆ ಬಿಸಿಲು ಬಡಿಯದಿರಲೆಂದು ತಗಡಿನ ಮಾಡು, ಮಾಡಿಗೆ ಆಧಾರವಾಗಿ ಎರಡು ಕಬ್ಬಿಣದ ಕಂಬ. ಇನ್ನು ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಷಟರ್ ಕಂಬದವರೆಗೆ ಮುಂದೆ ಬಂದಿರುತ್ತದೆ. ಶಾಲೆಗೆ ಹೋಗುವ ಮಕ್ಕಳು, ಕೋಲೂರಿಕೊಂಡು ಬರುವ ಅಜ್ಜಿ ಡಾಂಬರಿಗೆ ಇಳಿಯುತ್ತಾರೆ, ಲಾರಿ ಬಸ್ಸುಗಳ ಜೊತೆಗೆ.

ಅದೇ ಷಟರಿನ ಮುಂದೆ ಗೋಣಿತಾಟು ಹಾಸಿಕೊಂಡು ಈರುಳ್ಳಿಯನ್ನೋ ಸೊಪ್ಪನ್ನೋ ಮಾರುವವಳು ಒಬ್ಬಳು ಇರುತ್ತಾಳೆ. ಅವಳೂ ದಾರಿಗೆ ಅಡ್ಡವೇ. ಆದರೆ ಕತ್ತಲಾದಾಗ ಅವಳು ಗೋಣಿ ಕೊಡವಿ ಮಡಚಿಕೊಂಡು ಹೋಗುತ್ತಾಳೆ, ದಾರಿ ಮತ್ತೆ ದಾರಿಯಾಗುತ್ತದೆ. ಷಟರ್ ಮಾತ್ರ ಹೋಗುವುದಿಲ್ಲ. ತೆರವು ಕಾರ್ಯಾಚರಣೆ ಎಂದು ಅಧಿಕಾರಿಗಳು ಬಂದಾಗ ಮೊದಲು ಏಳಬೇಕಾದವರು ಯಾರು? ಯಾರು ಏಳುತ್ತಾರೆಂಬುದು ನಮಗೆಲ್ಲ ಗೊತ್ತಿದೆ. ಹೀಗೇಕಾಯಿತು ಎಂಬುದನ್ನು ಇತಿಹಾಸದಲ್ಲಿ ಹುಡುಕಬೇಕು.

ದಾರಿಗೆ ಅಡ್ಡಿ ಮಾಡುವುದನ್ನು ತಪ್ಪೆಂದು ಎಣಿಸಿದ್ದು ಇಂಗ್ಲಿಷರ ಕಾಲದಲ್ಲಿ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬೀದಿಗೆ ಕಸ ಸುರಿದವನಿಗೆ ಪಣದ ಎಂಟನೇ ಒಂದು ಭಾಗ, ಕೆಸರುನೀರು ನಿಲ್ಲಿಸಿದವನಿಗೆ ಕಾಲು ಪಣ ದಂಡವಿದೆ. ರಾಜಮಾರ್ಗದಲ್ಲಾದರೆ ಅದರ ಎರಡು ಪಾಲು. ಇಸ್ಲಾಮೀ ಸಂಪ್ರದಾಯದಲ್ಲಂತೂ ದಾರಿಯ ವಿಷಯ ಈಮಾನಿನ ವಿಷಯವೇ ಆಗಿದೆ. ನಡೆಯುವವರಿಗೆ ತೊಂದರೆ ಕೊಡುವ ವಸ್ತುವನ್ನು ದಾರಿಯಿಂದ ತೆಗೆಯುವುದು ಈಮಾನಿನ ಶಾಖೆಗಳಲ್ಲೊಂದು ಎಂಬ ಪ್ರವಾದಿ ಮುಹಮ್ಮದರ(ಸ) ಬೋಧನೆ ಮದ್ರಸದ ಮಕ್ಕಳಿಗೂ ಬಾಯಿಪಾಠ. ಇನ್ನೊಂದು ಹದೀಸ್ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ದಾರಿಯಲ್ಲಿ ಕೂರಬೇಡಿ ಎಂದು ಪ್ರವಾದಿಯವರು(ಸ) ಸಹಾಬಿಗಳಿಗೆ ಹೇಳಿದಾಗ, ಮಾತುಕತೆಗೆ ನಮಗೆ ಬೇರೆ ಜಾಗವಿಲ್ಲ ಎಂದು ಅವರು ಅರಿಕೆ ಮಾಡಿಕೊಂಡರು. ಹಾಗಿದ್ದರೆ ದಾರಿಗೆ ಅದರ ಹಕ್ಕನ್ನು ಕೊಡಿ ಎಂದು ಪ್ರವಾದಿಯವರು(ಸ) ಅಪ್ಪಣೆ ಕೊಟ್ಟರು. ದೃಷ್ಟಿ ತಗ್ಗಿಸುವುದು, ಯಾರಿಗೂ ಉಪದ್ರವ ಕೊಡದಿರುವುದು, ಸಲಾಮಿಗೆ ಉತ್ತರಿಸುವುದು, ಒಳಿತನ್ನು ಹೇಳಿ ಕೆಡುಕನ್ನು ತಡೆಯುವುದು ಆ ಹಕ್ಕುಗಳು. ಬೇರೆ ಜಾಗವಿಲ್ಲ ಎಂಬ ಮಾತನ್ನು ಪ್ರವಾದಿಯವರು(ಸ) ತಳ್ಳಿಹಾಕಲಿಲ್ಲ ಎಂಬುದನ್ನು ಗಮನಿಸಬೇಕು. ನಿಷೇಧ ಅಲ್ಲಿ ಷರತ್ತಾಗಿ ಬದಲಾಯಿತು. ದಾರಿಯ ಅಗಲದ ಬಗ್ಗೆ ತಕರಾರು ಬಂದರೆ ಏಳು ಮೊಳ ಬಿಡಬೇಕೆಂಬ ನಿರ್ದೇಶವೂ ಹದೀಸ್ ಗ್ರಂಥಗಳಲ್ಲಿದೆ. ಎಂದರೆ ಸುಮಾರು ಹತ್ತೂವರೆ ಅಡಿ.

ಈ ತತ್ವವನ್ನು ಬೀದಿಗಿಳಿಸಿದವನು ಮುಹ್ತಸಿಬ್. ತೂಕ, ಅಳತೆ, ಕಲಬೆರಕೆಯ ಜೊತೆಗೆ ಬೀದಿಯನ್ನೂ ನೋಡಿಕೊಳ್ಳುವ ಅಧಿಕಾರಿ. ದೆಹಲಿ ಸುಲ್ತಾನರ ಮತ್ತು ಮೊಘಲರ ಆಡಳಿತದಲ್ಲೂ ಈ ಹುದ್ದೆಯಿತ್ತು. ಹನ್ನೆರಡನೇ ಶತಮಾನದ ಸಿರಿಯಾದಲ್ಲಿ ಶೈಝರಿ ಎಂಬವರು ಮುಹ್ತಸಿಬರಿಗಾಗಿ ಬರೆದ ಕೈಪಿಡಿಯಲ್ಲಿ ಪೇಟೆಯ ಮಾಡು ಹೊತ್ತ ಕಂಬಗಳ ಸಾಲನ್ನು ದಾಟಿ ಅಂಗಡಿಯ ಜಗಲಿಯನ್ನು ದಾರಿಗೆ ಚಾಚಬಾರದು, ಚಾಚಿದರೆ ಮುಹ್ತಸಿಬ್ ಅದನ್ನು ತೆಗೆಸಬೇಕು ಎಂಬ ನಿಯಮವಿದೆ. ಮನೆಯ ಮುಂದಿನ ತುಸು ಜಾಗವನ್ನು ನಡೆಯುವವರಿಗೆ ತೊಂದರೆಯಾಗದಂತೆ ಮನೆಯವರು ಬಳಸಬಹುದು ಎಂದೂ ಫಿಕ್ಹ್ ಪಂಡಿತರು ಒಪ್ಪಿದ್ದರು. ಅದನ್ನು ಫಿನಾ ಎನ್ನುತ್ತಿದ್ದರು. ನಮ್ಮ ಹಳ್ಳಿಮನೆಯ ಜಗಲಿ ನೆನಪಾಗುತ್ತದೆ. ಮನೆಯವರದೂ ಹೌದು, ದಾರಿಹೋಕರದೂ ಹೌದು.

ಇಮಾಮ್ ಗಝ್ಝಾಲಿ (1058-1111) ತಮ್ಮ 'ಇಹ್ಯಾ ಉಲೂಮಿದ್ದೀನ್' ಗ್ರಂಥದಲ್ಲಿ ಬೀದಿಯ ಕೆಡುಕುಗಳನ್ನೇ ಬೇರೆಯಾಗಿ ಪಟ್ಟಿ ಮಾಡಿದ್ದಾರೆ. ಓದಿದರೆ ಇಂದಿನ ಯಾವುದೋ ಪೇಟೆಯನ್ನು ಸುತ್ತಿ ಬಂದು ಬರೆದಂತಿದೆ. ಕಂಬ ನೆಡುವುದು, ಗೋಡೆಗೆ ತಾಗಿಸಿ ಕಟ್ಟೆ ಕಟ್ಟುವುದು, ಮಾಡನ್ನು ಹೊರಚಾಚುವುದು, ದಾರಿಯಲ್ಲಿ ಪ್ರಾಣಿಗಳನ್ನು ಕಟ್ಟುವುದು, ಕಸಾಯಿ ತನ್ನ ಅಂಗಡಿಯ ಬಾಗಿಲಲ್ಲೇ ಬೀದಿಗೆ ಕೊಯ್ಯುವುದು, ಕಲ್ಲಂಗಡಿ ಸಿಪ್ಪೆ ಎಸೆಯುವುದು ಎಲ್ಲವೂ ಅದರಲ್ಲಿದೆ. ದಾರಿ ಇಕ್ಕಟ್ಟಾಗಿ ಜನರಿಗೆ ಹಾನಿಯಾಗುವಂತಿದ್ದರೆ ಕಟ್ಟೆ ಕಂಬಗಳು ಕೂಡದು ಎನ್ನುತ್ತಾರೆ ಇಮಾಮರು. ಆದರೆ ಸೌದೆಯ ಹೊರೆಯನ್ನೋ ಧಾನ್ಯದ ಮೂಟೆಯನ್ನೋ ಮನೆಯೊಳಗೆ ಸಾಗಿಸುವಷ್ಟು ಹೊತ್ತು ದಾರಿಯಲ್ಲಿಟ್ಟರೆ ಅಡ್ಡಿಯಿಲ್ಲ. ಆ ಅಗತ್ಯ ಎಲ್ಲರಿಗೂ ಇರುವಂಥದ್ದು. ಪ್ರಾಣಿಯನ್ನೂ ಹತ್ತಿ ಇಳಿಯುವಷ್ಟು ಹೊತ್ತು ನಿಲ್ಲಿಸಬಹುದು.

ಹೊತ್ತು ಕಳೆದರೆ ಹೋಗುವ ಅಡ್ಡಿ ಬೇರೆ, ಬೇರೂರಿ ನಿಲ್ಲುವ ಅಡ್ಡಿ ಬೇರೆ ಎಂಬ ಈ ವಿವೇಕವನ್ನು ನಾವು ಕೈಯಲ್ಲಿ ಹಿಡಿದುಕೊಂಡೇ ಮುಂದೆ ಹೋಗಬೇಕು. ಏಕೆಂದರೆ ಆಮೇಲೆ ಬಂದ ಕಾನೂನುಗಳಲ್ಲಿ ಅದು ಸಿಗುವುದಿಲ್ಲ.

ಎತ್ತರಿಸಿದ ಕಾಲುದಾರಿ ಪ್ರಾಚೀನ ರೋಮಿನ ಪೊಂಪೇ ಪಟ್ಟಣದಲ್ಲೂ ಇತ್ತು. ಆದರೆ ಇಂದು ನಾವು ಕಾಣುವ ಫುಟ್‌ಪಾತಿನ ತಾಯಿಬೇರು 1762ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರಿಗಾಗಿ ಮಾಡಿದ ನೆಲಗಟ್ಟಿನ ಕಾಯ್ದೆಯಲ್ಲಿದೆ. ಅದರ ಮೊಮ್ಮಕ್ಕಳೇ ನಮ್ಮ ದೇಶಕ್ಕೆ ಬಂದವು. 1860ರ ಭಾರತೀಯ ದಂಡ ಸಂಹಿತೆಯ 283ನೇ ಕಲಮು ಸಾರ್ವಜನಿಕ ದಾರಿಗೆ ಅಡ್ಡಿ ಮಾಡಿದವನಿಗೆ 200 ರೂಪಾಯಿವರೆಗೆ ದಂಡ ವಿಧಿಸಿತು. ಆ ಕಾಲಕ್ಕೆ ಅದು ಬಡವನ ಮನೆಮಠ ಹೋಗುವಷ್ಟು ದೊಡ್ಡ ಮೊತ್ತ. ಸಂಹಿತೆ ಜಾರಿಯಾದದ್ದು 1862ರ ಜನವರಿ 1ರಂದು, ರದ್ದಾದದ್ದು 2024ರ ಜುಲೈ 1ರಂದು. ಈ 162 ವರ್ಷಗಳಲ್ಲಿ ದಂಡ ಒಂದು ರೂಪಾಯಿಯೂ ಏರಲಿಲ್ಲ. ಸಿಮೆಂಟಿನ ಕಟ್ಟೆ ಕಟ್ಟಿದವರಿಗೆ ಅದು ಕೊನೆಕೊನೆಗೆ ಒಂದು ಹೊತ್ತಿನ ಕಾಫಿ ತಿಂಡಿಯ ಲೆಕ್ಕಕ್ಕೆ ಇಳಿದಿತ್ತು. ಈಗಿನ ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಮಿನಲ್ಲಿ ಅದು 5,000 ರೂಪಾಯಿವರೆಗೆ ಇದೆ.

1861ರ ಪೊಲೀಸ್ ಕಾಯ್ದೆಯ 34ನೇ ಕಲಮು ಇನ್ನೂ ಕುತೂಹಲದ್ದು. ಬೀದಿಯಲ್ಲಿ ಪ್ರಾಣಿ ಕೊಲ್ಲುವುದು, ಕುಡಿದು ಬೀಳುವುದು, ಹೊಲಸು ಎಸೆಯುವುದು, ಬೆತ್ತಲಾಗುವುದು ಇವುಗಳ ಸಾಲಿನಲ್ಲೇ ಮಾರಾಟಕ್ಕೆ ಸರಕು ಹರವುವುದನ್ನೂ ಅದು ಕೂರಿಸಿತು. ದಂಡ 50 ರೂಪಾಯಿವರೆಗೆ ಅಥವಾ ಸಜೆ ಎಂಟು ದಿನದವರೆಗೆ. ಬುಟ್ಟಿ ತುಂಬ ಹೂವಿಟ್ಟುಕೊಂಡು ಕೂತವಳು ಕುಡುಕನ ಪಂಕ್ತಿಗೆ ಸೇರಿದ್ದು ಹೀಗೆ. ನಮ್ಮ ರಾಜ್ಯದ 1963ರ ಪೊಲೀಸ್ ಕಾಯ್ದೆಯ 92ನೇ ಕಲಮಿನ ಬೀದಿ ಅಪರಾಧಗಳ ಪಟ್ಟಿಯೂ ಅದೇ ಜಾಡಿನದು.

ಇತ್ತ ಮೈಸೂರು ಸೀಮೆಯಲ್ಲಿ ಪೇಟೆ ಬೆಳೆದ ಬಗೆಯೇ ಬೇರೆ. ಬೆಂಗಳೂರಿನ ಅಕ್ಕಿಪೇಟೆ, ಬಳೇಪೇಟೆ, ತರಗುಪೇಟೆಗಳ ಹೆಸರೇ ಹೇಳುವಂತೆ ಅಲ್ಲಿ ಬೀದಿಯೇ ಮಾರುಕಟ್ಟೆ, ಜಗಲಿಯೇ ಅಂಗಡಿ. 1850ರ ಕಾಯ್ದೆಯಡಿ 1862ರಲ್ಲಿ ಬೆಂಗಳೂರಿನ ಪೇಟೆಗೂ ದಂಡಿಗೂ ಬೇರೆ ಬೇರೆ ಮುನಿಸಿಪಾಲಿಟಿಗಳು ಬಂದವು. 1898ರ ಪ್ಲೇಗು ಅಧಿಕಾರಿಗಳ ಕಣ್ಣಿನಲ್ಲಿ ಇಕ್ಕಟ್ಟು ಬೀದಿಯನ್ನು ರೋಗದ ಮನೆಯನ್ನಾಗಿ ಮಾಡಿತು. ಬಸವನಗುಡಿ, ಮಲ್ಲೇಶ್ವರಗಳು ಅಗಲ ರಸ್ತೆಗಳ ಹೊಸ ಬಡಾವಣೆಗಳಾಗಿ ಎದ್ದವು. 1921ರಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆ ಬಂತು. ದಂಡಿನ ಕಡೆ 1927ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆಯನ್ನು 1933ರಲ್ಲಿ ಉದ್ಘಾಟಿಸಿದವರು ಗೋಷಾ ಆಸ್ಪತ್ರೆಯ ದಾನಿ, ಉದ್ಯಮಿ ಹಾಜಿ ಸರ್ ಇಸ್ಮಾಯಿಲ್ ಸೇಠ್. ಬೀದಿಯ ವ್ಯಾಪಾರಕ್ಕೆ ಒಂದು ಸೂರು ಕೊಡುವ ಈ ಕ್ರಮ ಬಡಿದೆಬ್ಬಿಸುವುದಕ್ಕಿಂತ ಎಷ್ಟೋ ಮೇಲು. ಆದರೆ ಸೂರಿನಡಿ ಮಳಿಗೆಗಳು ಎಣಿಸಿದಷ್ಟು, ಹಳ್ಳಿಯಿಂದ ಬರುವ ಬುಟ್ಟಿಗಳಿಗೆ ಲೆಕ್ಕವಿಲ್ಲ. ಎರಡೂ ಮಾರುಕಟ್ಟೆಗಳ ಸುತ್ತಲಿನ ಬೀದಿಗಳು ಮತ್ತೆ ತುಂಬಿಕೊಂಡದ್ದನ್ನು ಅಲ್ಲಿಗೆ ಹೋದವರೆಲ್ಲ ಕಂಡಿದ್ದಾರೆ.

1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರನ್ನು ಇಲ್ಲಿ ನೆನೆಯದೆ ಹೋಗುವಂತಿಲ್ಲ. ಮುಂಜಾನೆ ಕುದುರೆಯೇರಿ ನಗರ ಸುತ್ತಿ, ಬೀದಿ, ಉದ್ಯಾನ, ಚೌಕಗಳನ್ನು ಕಣ್ಣಾರೆ ನೋಡುತ್ತಿದ್ದ ದಿವಾನರು ಅವರು. ಮೈಸೂರು ಬೆಂಗಳೂರುಗಳ ಚೆಲುವಿನಲ್ಲಿ ಅವರ ಪಾಲು ದೊಡ್ಡದು. ಅಭಿಮಾನ ಪಡೋಣ. ಜೊತೆಗೆ ಒಂದು ಮಾತನ್ನೂ ಸೇರಿಸಬೇಕು. ಬೀದಿ ಅಂದವಾಗಿರಬೇಕೆಂಬ ದೃಷ್ಟಿ ಆ ಕಾಲದ ಎಲ್ಲ ನಗರ ನಿರ್ಮಾಪಕರ ದೃಷ್ಟಿ. ಅದರಲ್ಲಿ ತಕ್ಕಡಿ ಹಿಡಿದವನು ಚಿತ್ರ ಕೆಡಿಸುವವನಾಗಿ ಕಾಣುವುದು ಸುಲಭ. ಸ್ವಾತಂತ್ರ್ಯದ ನಂತರ ಕಾಯ್ದೆ ಬರೆದವರಿಗೂ ಆ ಕನ್ನಡಕವೇ ಉಳಿಯಿತು. 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆಗೆ ಮುಂದೆ ಸೇರಿದ 288ಡಿ ಕಲಮಿನ ಪ್ರಕಾರ ಬೀದಿಗೆ ಚಾಚಿದ ಕಟ್ಟಡವಿರಲಿ, ಮಾರಾಟಕ್ಕಿಟ್ಟ ಸರಕಿರಲಿ, ಆಯುಕ್ತರು ನೋಟಿಸಿಲ್ಲದೆ ತೆಗೆಸಬಹುದು. ಕಾಗದದ ಮೇಲೆ ಗೋಡೆಯೂ ಬುಟ್ಟಿಯೂ ಸಮಾನ. ಆದರೆ ಗೋಡೆಯವನಿಗೆ ವಕೀಲರಿದ್ದಾರೆ, ತಡೆಯಾಜ್ಞೆ ಇದೆ, ವಾರ್ಡಿನಲ್ಲಿ ಗುರುತಿನವರಿದ್ದಾರೆ. ಬುಟ್ಟಿಯವಳಿಗೆ ಓಡುವ ಕಾಲುಗಳಿವೆ, ಅಷ್ಟೇ.

ಇಲ್ಲಿ ಜಕಾತಿಯ ಕಥೆಯನ್ನೂ ಹೇಳಬೇಕು. ಈ ಪದ ಅರಬಿಯ ಝಕಾತಿನಿಂದ ಬಂದದ್ದು. ಬಡವರ ಪಾಲೆಂದು ಉಳ್ಳವರಿಂದ ಪಡೆಯುವ ಝಕಾತ್ ನಮ್ಮ ಪೇಟೆಗೆ ಬರುವ ಹೊತ್ತಿಗೆ ಬಡ ವ್ಯಾಪಾರಿಯಿಂದ ಕೀಳುವ ಸುಂಕವಾಗಿ ಅರ್ಥ ಕೆಡಿಸಿಕೊಂಡಿತು! ನಮ್ಮ ಎಷ್ಟೋ ಊರುಗಳಲ್ಲಿ ಸಂತೆಯ, ಬೀದಿಬದಿಯ ಸುಂಕ ವಸೂಲಿಯನ್ನು ಹರಾಜು ಹಾಕಿ ಗುತ್ತಿಗೆದಾರರಿಗೆ ಕೊಡುವ ರೂಢಿಯಿದೆ. ಗುತ್ತಿಗೆದಾರರ ಕಡೆಯವರು ಬೆಳಿಗ್ಗೆ ಬಂದು ಚೀಟಿ ಹರಿದು ಕೊಡುತ್ತಾರೆ. ಆ ಚೀಟಿ ಕೈಯಲ್ಲಿದ್ದರೂ ಮಧ್ಯಾಹ್ನ ಅದೇ ಸ್ಥಳೀಯ ಸಂಸ್ಥೆಗೆ ಅವನು ಒತ್ತುವರಿದಾರ. ಕೂತದ್ದು ತಪ್ಪಾದರೆ ಸುಂಕ ಯಾತಕ್ಕೆ? ಸುಂಕ ಪಡೆದದ್ದು ಸರಿಯಾದರೆ ಎಬ್ಬಿಸುವುದು ಯಾತಕ್ಕೆ?

ಈ ಪ್ರಶ್ನೆಗಳು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ್ದು ಎಂಬತ್ತರ ದಶಕದಲ್ಲಿ. 1981ರ ಜುಲೈಯಲ್ಲಿ ಮುಂಬಯಿಯ ಫುಟ್‌ಪಾತ್ ವಾಸಿಗಳನ್ನು ತೆರವುಗೊಳಿಸಿ ಊರಿಗಟ್ಟುವ ನಿರ್ಧಾರ ಘೋಷಿಸಿದವರು ಮುಖ್ಯಮಂತ್ರಿ ಎ.ಆರ್. ಅಂತುಳೆ. ಮಳೆಗಾಲದಲ್ಲಿ ಗುಡಿಸಲುಗಳು ಉರುಳಿದವು. ಪತ್ರಕರ್ತೆ ಓಲ್ಗಾ ಟೆಲಿಸ್ ಮತ್ತಿತರರು ಹೂಡಿದ ಮೊಕದ್ದಮೆಯಲ್ಲಿ 1985ರ ಜುಲೈ 10ರಂದು ತೀರ್ಪು ಬಂತು. ಜೀವನೋಪಾಯದ ಹಕ್ಕು ಜೀವಿಸುವ ಹಕ್ಕಿನಲ್ಲಿ ಅಡಕವಾಗಿದೆ, ನೋಟಿಸಿಲ್ಲದೆ ಎಬ್ಬಿಸುವುದು ನ್ಯಾಯವಲ್ಲ ಎಂದ ನ್ಯಾಯಾಲಯವೇ ಫುಟ್‌ಪಾತ್ ಇರುವುದು ನಡೆಯುವವರಿಗಾಗಿ ಎಂದೂ ಹೇಳಿತು. ತೆರವನ್ನು ಅಕ್ಟೋಬರ್ 31ರವರೆಗೆ, ಮಳೆ ನಿಲ್ಲುವ ತನಕ, ತಡೆಹಿಡಿಯಿತು. ಅದೇ ತಿಂಗಳ ಇನ್ನೊಂದು ತೀರ್ಪಿನಲ್ಲಿ ಮುಂಬಯಿಯ ಬೀದಿ ವ್ಯಾಪಾರಿಗಳಿಗೆ ವಲಯಗಳನ್ನು ಗುರುತಿಸಿ, ಒಬ್ಬೊಬ್ಬರಿಗೆ ಒಂದು ಮೀಟರ್ ಉದ್ದ ಒಂದು ಮೀಟರ್ ಅಗಲದ ಜಾಗ ಎಂಬ ಮಿತಿ ಹೇಳಿತು. 1989ರಲ್ಲಿ ದೆಹಲಿಯ ಸೋದನ್ ಸಿಂಗ್ ಮೊಕದ್ದಮೆಯಲ್ಲಿ ಬೀದಿಬದಿ ವ್ಯಾಪಾರವೂ ಸಂವಿಧಾನದ 19(1)(ಜಿ) ವಿಧಿಯ ಉದ್ಯೋಗ ಸ್ವಾತಂತ್ರ್ಯದೊಳಗೇ ಬರುತ್ತದೆ, ಅದನ್ನು ನಿಯಂತ್ರಿಸಬಹುದೇ ಹೊರತು ಪೂರ್ತಿ ಅಳಿಸುವಂತಿಲ್ಲ ಎಂದು ಐವರು ನ್ಯಾಯಮೂರ್ತಿಗಳ ಪೀಠ ತೀರ್ಮಾನಿಸಿತು.

ಅಲ್ಲಿಂದ ಕಾಯ್ದೆ ಆಗಲು ಇನ್ನೂ ಇಪ್ಪತ್ತೈದು ವರ್ಷ ಬೇಕಾಯಿತು. ಬೀದಿಬದಿ ವ್ಯಾಪಾರಿಗಳ ಕಾಯ್ದೆ ಜಾರಿಗೆ ಬಂದದ್ದು 2014ರ ಮೇ 1ರಂದು. ನಮ್ಮ ವ್ಯಾಪಾರಿಗಳಲ್ಲಿ ಬಹಳ ಮಂದಿಗೆ ಇದರ ತಿರುಳು ತಿಳಿದಿಲ್ಲವಾದ್ದರಿಂದ ತುಸು ವಿವರವಾಗಿ ಹೇಳುತ್ತೇವೆ. ಪ್ರತಿ ಪಟ್ಟಣದಲ್ಲೂ ವ್ಯಾಪಾರಿಗಳ ಸಮೀಕ್ಷೆ ನಡೆಯಬೇಕು, ಅದು ಮುಗಿಯುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯ ಸದಸ್ಯರಲ್ಲಿ ಕನಿಷ್ಠ ಶೇ. 40 ಮಂದಿ ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು. ವಾರ್ಡಿನ ಅಥವಾ ಪಟ್ಟಣದ ಜನಸಂಖ್ಯೆಯ ಶೇ. 2.5ರ ಮಿತಿಯೊಳಗೆ ಎಲ್ಲ ವ್ಯಾಪಾರಿಗಳಿಗೂ ಜಾಗ ಮಾಡಿಕೊಡಬೇಕು. ಸ್ಥಳಾಂತರಿಸಲು 30 ದಿನಗಳ ನೋಟಿಸು ಬೇಕು. ಸರಕು ಜಪ್ತಿ ಮಾಡಿದರೆ ಪಟ್ಟಿ ಬರೆದು ಕೊಡಬೇಕು. ಹಣ್ಣು ತರಕಾರಿಯಂಥ ಕೆಡುವ ಸರಕಾದರೆ ಕೇಳಿದ ದಿನವೇ, ಉಳಿದದ್ದನ್ನು ಎರಡು ಕೆಲಸದ ದಿನಗಳೊಳಗೆ ಹಿಂತಿರುಗಿಸಬೇಕು. ತಲೆತಲಾಂತರದಿಂದ ಕೂಡುತ್ತ ಬಂದ ಸಹಜ ಮಾರುಕಟ್ಟೆಗಳಿಗೂ ಮನ್ನಣೆಯಿದೆ.

ಜಾರಿಯ ಕಥೆ ಬೇರೆಯೇ. 2011ರ ಜನಗಣತಿಯಂತೆ ಬೆಂಗಳೂರು ಮಹಾನಗರ ಪಾಲಿಕೆ ವ್ಯಾಪ್ತಿಯಲ್ಲಿ ಸುಮಾರು 84 ಲಕ್ಷ ಜನ. ಅದರ ಶೇ. 2.5 ಎಂದರೆ ಎರಡು ಲಕ್ಷಕ್ಕೂ ಮಿಗಿಲು. 2017ರ ಸಮೀಕ್ಷೆಯಲ್ಲಿ ಪಾಲಿಕೆಯ ಕಣ್ಣಿಗೆ ಬಿದ್ದ ವ್ಯಾಪಾರಿಗಳು 25 ಸಾವಿರದ ಆಸುಪಾಸು. ಲೆಕ್ಕಕ್ಕೆ ಸಿಗದವರಿಗೆ ಗುರುತಿನ ಚೀಟಿಯಿಲ್ಲ, ಗುರುತಿನ ಚೀಟಿಯಿಲ್ಲದವರು ಮತ್ತೆ ಹಳೆಯ ಒತ್ತುವರಿದಾರರೇ.

ಈ ವಿಷಯ ನಮ್ಮ ಸಮುದಾಯಕ್ಕೆ ಎಷ್ಟು ಹತ್ತಿರದ್ದು ಎಂಬುದಕ್ಕೆ 2006ರ ಸಾಚಾರ್ ಸಮಿತಿಯ ವರದಿಯನ್ನು ನೋಡಬಹುದು. ದುಡಿಯುವ ಮುಸ್ಲಿಮ್ ಗಂಡಸರಲ್ಲಿ ಶೇ. 12ಕ್ಕಿಂತ ಹೆಚ್ಚು ಮಂದಿ ಬೀದಿ ವ್ಯಾಪಾರದಲ್ಲಿದ್ದರು. ದೇಶದ ಸರಾಸರಿ ಶೇ. 8ಕ್ಕಿಂತ ಕಡಿಮೆ. ತೆರವಿನ ಲಾರಿ ಬಂದಾಗ ಯಾರ ಹಟ್ಟಿಯ ಒಲೆ ಆರುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಬೀದಿಯಲ್ಲಿ ಯಾರು ನಿಲ್ಲಬಹುದು ಎಂದು ತೀರ್ಮಾನಿಸುವ ಅಧಿಕಾರವನ್ನು ಗುಂಪುಗಳೇ ಕೈಗೆತ್ತಿಕೊಂಡದ್ದನ್ನೂ 2022ರಲ್ಲಿ ಕಂಡೆವು. ಆ ವರ್ಷ ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳನ್ನು ದೂರವಿಡುವ ಅಭಿಯಾನ ನಡೆಯಿತು. ಏಪ್ರಿಲ್ 9ರಂದು ಧಾರವಾಡದ ನುಗ್ಗೀಕೇರಿ ಹನುಮಂತ ದೇವಸ್ಥಾನದ ಬಳಿ ಬಡ ವ್ಯಾಪಾರಿಯೊಬ್ಬರ ಕಲ್ಲಂಗಡಿಗಳನ್ನು ನೆಲಕ್ಕೆ ಬಡಿದು ಒಡೆದರು. ಅಂದು ಆ ವ್ಯಾಪಾರಿಯ ನೆರವಿಗೆ ಬಂದವರಲ್ಲಿ ಎಲ್ಲ ಧರ್ಮದವರೂ ಇದ್ದರು ಎಂಬುದನ್ನು ಮರೆಯಬಾರದು.

ಹಾಗೆಂದು ನಮ್ಮ ಅಂಗಳವನ್ನು ಗುಡಿಸದೆ ಬಿಡುವುದೂ ಸರಿಯಲ್ಲ. ಷಟರನ್ನು ಮುಂದೆ ತಂದವರಲ್ಲಿ ನಮ್ಮವರೂ ಇದ್ದಾರೆ. ಜಲ್ಸಾದ ಪೆಂಡಾಲು ಇಡೀ ಬೀದಿಯನ್ನು ನುಂಗಿ, ಆಸ್ಪತ್ರೆಗೆ ಹೊರಟ ಆಟೋ ಹಿಂದೆ ತಿರುಗಿದ ಸಂದರ್ಭಗಳನ್ನು ನಾವು ಬಲ್ಲೆವು. ಗಣೇಶೋತ್ಸವದ ಪೆಂಡಾಲಿಗೂ ರಾಜಕಾರಣಿಗಳ ಕಟೌಟಿಗೂ ಇದೇ ಮಾತು ಸಲ್ಲುತ್ತದೆ, ನಿಜ. ಆದರೆ ಗಝ್ಝಾಲಿಯವರ ಪಟ್ಟಿಯನ್ನು ಮನೆಯಲ್ಲಿಟ್ಟುಕೊಂಡವರು ನಾವು. ಬೀದಿಯ ಧಾರ್ಮಿಕ ಬಳಕೆಯ ಬಗ್ಗೆ ನ್ಯಾಯಾಲಯಗಳು ಹಿಂದಿನಿಂದಲೂ ಸಮತೂಕದ ಮಾತು ಹೇಳಿವೆ. 1925ರಲ್ಲಿ ವರದಿಯಾದ, ಔರಂಗಾಬಾದಿನ ಶಿಯಾ ಸುನ್ನಿ ವಿವಾದದ ತೀರ್ಪಿನಲ್ಲಿ ಪ್ರಿವಿ ಕೌನ್ಸಿಲ್ ಸಾರ್ವಜನಿಕ ದಾರಿಯಲ್ಲಿ ಧಾರ್ಮಿಕ ಮೆರವಣಿಗೆ ನಡೆಸುವ ಹಕ್ಕಿದೆ ಎಂದಿತು. ಉಳಿದವರ ಬಳಕೆಗೆ ಧಕ್ಕೆಯಾಗಬಾರದು, ಅಧಿಕಾರಿಗಳ ನಿರ್ದೇಶನಕ್ಕೆ ಒಳಪಡಬೇಕು ಎಂಬ ಷರತ್ತೂ ಜೊತೆಗಿತ್ತು. ಬೀದಿಯಲ್ಲಿ ಪ್ರಾರ್ಥನಾ ಮಂದಿರ ಕಟ್ಟುವುದು ಬೇರೆ ವಿಷಯ. 2009ರ ಸೆಪ್ಟೆಂಬರ್ 29ರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಸಾರ್ವಜನಿಕ ಬೀದಿಯಲ್ಲಿ ಮಂದಿರ, ಮಸೀದಿ, ಚರ್ಚು, ಗುರುದ್ವಾರ ಯಾವುದರ ಹೆಸರಿನಲ್ಲೂ ಹೊಸ ಅನಧಿಕೃತ ಕಟ್ಟಡ ಕೂಡದು ಎಂದಿತು. ಹೋಗುವ ಅಡ್ಡಿಗೂ ನಿಲ್ಲುವ ಅಡ್ಡಿಗೂ ಇರುವ ಅಂತರ ಇಲ್ಲಿ ಮತ್ತೆ ಕಾಣಿಸುತ್ತದೆ. ಮಂಗಳೂರಿನ ಕಂಕನಾಡಿಯಲ್ಲಿ 2024ರ ಮೇ 24ರಂದು ಮಸೀದಿಯ ಹೊರಗಿನ ರಸ್ತೆಯಲ್ಲಿ ಕೆಲವರು ಜುಮಾ ನಮಾಝ್ ಮಾಡಿದ ದೃಶ್ಯ ಹರಿದಾಡಿದಾಗ ಪೊಲೀಸರು ಸ್ವಯಂಪ್ರೇರಿತ ಮೊಕದ್ದಮೆ ದಾಖಲಿಸಿದರು. ಹಳೆಯ 283ನೇ ಕಲಮೂ ಅದರಲ್ಲಿತ್ತು. ಮುಂದೆ ಬಿ ರಿಪೋರ್ಟಿನೊಂದಿಗೆ ಅದು ಮುಗಿಯಿತು. ಮೊಕದ್ದಮೆಯಲ್ಲಿ ತಾರತಮ್ಯದ ವಾಸನೆಯಿತ್ತು ಎಂದವರ ಮಾತಿನಲ್ಲಿ ಹುರುಳಿದೆ. ಮಸೀದಿ ಕಮಿಟಿಗಳು ಎರಡನೇ ಜಮಾಅತಿನ ಏರ್ಪಾಡು ಮಾಡಿಕೊಂಡರೆ ದಾರಿಗೆ ಇಳಿಯುವ ಅಗತ್ಯ ಬಹುಪಾಲು ಇರದು ಎಂಬುದೂ ಅಷ್ಟೇ ನಿಜ.

2025ರ ಮೇ 14ರಂದು ಸುಪ್ರೀಂ ಕೋರ್ಟ್ ಅಡ್ಡಿಯಿಲ್ಲದ ಫುಟ್‌ಪಾತ್ ಪಾದಚಾರಿಯ ಜೀವಿಸುವ ಹಕ್ಕಿನ ಭಾಗ ಎಂದು ಹೇಳಿ, ಅಂಗವಿಕಲರೂ ಬಳಸುವಂಥ ಕಾಲುದಾರಿಗಳಿಗೆ ಮಾರ್ಗಸೂಚಿ ರೂಪಿಸಬೇಕೆಂದು ರಾಜ್ಯಗಳಿಗೆ ನಿರ್ದೇಶನ ಕೊಟ್ಟಿತು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದಂತೆ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಬೇಕು, ಗಾಲಿಕುರ್ಚಿಗಳೆರಡು ಎದುರುಬದುರು ಹಾಯುವಷ್ಟು. ಈ ಆದೇಶವನ್ನು ನಾವು ಸಂತೋಷದಿಂದ ಸ್ವಾಗತಿಸುತ್ತೇವೆ. ಭಯವೂ ಇದೆ. ಒಳ್ಳೆಯ ಆದೇಶವೊಂದು ಜಾರಿಯ ಮೆಟ್ಟಿಲಿಳಿದು ಬರುವಾಗ ಮೊದಲು ಎದುರಾಗುವುದು ಬುಟ್ಟಿಯೇ. ಟ್ರಾನ್ಸ್‌ಫಾರ್ಮರ್, ಜಾಹೀರಾತು ಫಲಕ, ಠಾಣೆಗಳ ಮುಂದೆ ತುಕ್ಕು ಹಿಡಿದು ನಿಂತ ಜಪ್ತಿ ವಾಹನ, ಮನೆ ಮುಂದಿನ ಕಾರು ಇವೆಲ್ಲ ಬುಟ್ಟಿಗಿಂತ ಹೆಚ್ಚು ಜಾಗ ತಿನ್ನುತ್ತವೆ. ಅವಕ್ಕೆ ಕಾಲಿಲ್ಲ, ಓಡುವುದಿಲ್ಲ.

ಇನ್ನು ಸಿಂಗಟಗೆರೆಗೆ ಮರಳೋಣ. 2014ರ ಕಾಯ್ದೆಯ ಸ್ಥಳೀಯ ಸಂಸ್ಥೆ ಎಂಬ ಪದದ ಅರ್ಥದಲ್ಲಿ ಮಹಾನಗರ ಪಾಲಿಕೆ, ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ, ದಂಡು ಮಂಡಳಿಗಳಿವೆ. ಗ್ರಾಮ ಪಂಚಾಯಿತಿ ಇಲ್ಲ. ರೈಲ್ವೆ ಜಾಗವೂ ಹೊರಗೆ, ಆದ್ದರಿಂದ ಬೀರೂರು ಜಂಕ್ಷನ್ನಿನ ಪ್ಲಾಟ್‌ಫಾರಂ ಇದರಡಿ ಬರುವುದಿಲ್ಲ. ಆದರೆ 1993ರ ಪಂಚಾಯತ್ ರಾಜ್ ಕಾಯ್ದೆಯಡಿ ಗ್ರಾಮ ಪಂಚಾಯಿತಿಗೆ ಬೀದಿಯ ಒತ್ತುವರಿ ತೆಗೆಸುವ ಅಧಿಕಾರವಿದೆ, ಮಾರುಕಟ್ಟೆಯ ಶುಲ್ಕ ಎತ್ತುವ ಅಧಿಕಾರವೂ ಇದೆ. ವ್ಯಾಪಾರ ಸಮಿತಿ, ಸಮೀಕ್ಷೆ, ಮೂವತ್ತು ದಿನಗಳ ನೋಟಿಸು, ಜಪ್ತಿಯಾದ ಸರಕನ್ನು ಅಂದೇ ಮರಳಿಸುವ ಹೊಣೆ ಇವು ಯಾವುವೂ ಹಳ್ಳಿಯ ಬೀದಿಗೆ ತಲುಪಿಲ್ಲ. ಗ್ರಾಮಸಭೆಯಲ್ಲಿ ಕೂತು ಚಪ್ಪಡಿಯ ಮೇಲೆ ಎಲ್ಲಿಯವರೆಗೆ ಅಂಗಡಿ, ಎಲ್ಲಿಂದ ದಾರಿ, ಗೋಣಿ ಹಾಸುವವರಿಗೆ ಯಾವ ಮೂಲೆ ಎಂದು ಗೆರೆ ಎಳೆಯಲು ಯಾವ ಕಾಯ್ದೆಯೂ ಅಡ್ಡ ಬರುವುದಿಲ್ಲ. ಆ ಗೆರೆಯನ್ನು ಮೊದಲು ಷಟರಿನ ಮುಂದೆ ಎಳೆಯುವ ಧೈರ್ಯ ಬೇಕು, ಅಷ್ಟೇ. ಅಲ್ಲಿಯವರೆಗೆ ಬೀರೂರಿನಲ್ಲೋ ಕಡೂರಿನಲ್ಲೋ ಪುರಸಭೆಯಿಂದ ಗುರುತಿನ ಚೀಟಿ ಕೇಳಿ ಪಡೆಯುವ ಹಕ್ಕಿರುವ ಬಾಳೆಹಣ್ಣಿನ ವ್ಯಾಪಾರಿ ತನ್ನ ತಳ್ಳುಗಾಡಿಯನ್ನು ಸಿಂಗಟಗೆರೆಯ ರಸ್ತೆಬದಿಗೆ ತಂದು ನಿಲ್ಲಿಸಿದರೆ ಆ ಹಕ್ಕು ಅವನ ಹಿಂದೆ ಬರುವುದಿಲ್ಲ. ಅವನ ಜೇಬಿನಲ್ಲಿ ಏನಾದರೂ ಇದ್ದರೆ ಅದು ಆ ದಿನದ ಸುಂಕದ ಚೀಟಿ ಮಾತ್ರ.